ಒಂದು ಬಾಟಲಿ, ಎರಡು ಹಿಡಿ ಮಣ್ಣು

ಲ್ಯಾಬ್ ಇಲ್ಲದ ಶಾಲೆಯಲ್ಲಿ ಪರಿಸರ ವಿಜ್ಞಾನವನ್ನು ಮಾಡಿ ತೋರಿಸುವುದು ಕಷ್ಟ ಎಂದು ಲೇಖನದಲ್ಲಿ ಬರೆದಿದ್ದೀರಿ. ನನ್ನ ಅನುಭವ ಬೇರೆ ಸರ್. ಗದಗ ಕಡೆಯ ಹಳ್ಳಿಯೊಂದರಲ್ಲಿ ಆರನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಎರೆ ಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ಅದೇ ನಮ್ಮ ಲ್ಯಾಬ್.

ಮಕ್ಕಳು ಹೊಲದಿಂದ ಮಣ್ಣು ತಂದರು. ನೀರಿನ ಬಾಟಲಿಯಲ್ಲಿ ಹಾಕಿ, ನೀರು, ಚಿಟಿಕೆ ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಕುಲುಕಿದರು. ಒಂದು ನಿಮಿಷದೊಳಗೆ ಮರಳು ತಳ ಸೇರಿತು. ಕೆಂಪು ಮಣ್ಣಿನಲ್ಲಿ ಆ ಪದರ ದಪ್ಪ. ಎರೆ ಮಣ್ಣಿನ ನೀರು ಮಾತ್ರ ಮರುದಿನವೂ ಕದಡಿದ ಹಾಗೇ ಇತ್ತು! ಅಷ್ಟು ಸಣ್ಣ ಜೇಡಿ ಕಣಗಳು. ಆಮೇಲೆ ಎರಡೂ ಮಣ್ಣನ್ನು ಕಲಸಿ ತಟ್ಟೆಯಲ್ಲಿ ಬಿಸಿಲಿಗಿಟ್ಟೆವು. ಎರೆ ಮಣ್ಣು ಅಂಚು ಬಿಟ್ಟು ಕುಗ್ಗಿ, ನಡುವೆ ಬಿರುಕು ಬಿಟ್ಟಿತು. "ಬೇಸಿಗೆಯಲ್ಲಿ ನಮ್ಮ ಹೊಲ ಹಿಂಗೇ ಆಗ್ತದ್ರಿ" ಅಂತ ಒಬ್ಬಳು ಕೂಗಿದಳು. ಇದನ್ನು ಬಾಯಿಪಾಠ ಮಾಡಿಸಬೇಕಾ, ಹೇಳಿ?

ಮಳೆ ಅಳೆಯುವುದೂ ಸುಲಭ. ನೇರ ಅಂಚಿನ ಡಬ್ಬಿ, ಒಂದು ಸ್ಕೇಲು ಸಾಕು. 1 ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. 100 ಚದರ ಮೀಟರ್ ಚಾವಣಿಗೆ 20 ಮಿಲಿಮೀಟರ್ ಬಿದ್ದರೆ 2000 ಲೀಟರ್. ಅದನ್ನು 15 ಲೀಟರಿನ ಕೊಡಕ್ಕೆ ಭಾಗಿಸಿ 130ಕ್ಕೂ ಜಾಸ್ತಿ ಕೊಡ ಅಂತ ಲೆಕ್ಕ ಸಿಕ್ಕಾಗ ಮಕ್ಕಳು ಚಾವಣಿಯ ಕಡೆ ನೋಡಿದರು.

ನನಗೆ ಕೊರತೆ ಅನ್ನಿಸುವುದು ಲ್ಯಾಬ್ ಅಲ್ಲ, ಸಮಯ. ಪಿರಿಯಡ್ 40 ನಿಮಿಷ. ಜೇಡಿ ತಳ ಸೇರೋಕೆ ಒಂದು ದಿನವಾದರೂ ಬೇಕು.