ಒಂದು ನಟ್ಟು ಬಿಗಿ ಮಾಡಲು ಎಷ್ಟು ಹೊತ್ತು ಬೇಕು ಸ್ವಾಮಿ?

ಪಾನಾ ಹಾಕಿ ಅರ್ಧ ಸುತ್ತು ತಿರುಗಿಸಿದ್ದರೆ ಮುಗಿಯುತ್ತಿತ್ತು. ಅಷ್ಟನ್ನೂ ಮಾಡಿಲ್ಲ ನನ್ನ ಕಾರು ರಿಪೇರಿ ಮಾಡಿದ ಗ್ಯಾರೇಜಿನ ಆ ಪುಣ್ಯಾತ್ಮ. ನಾಲ್ಕೂವರೆ ಸಾವಿರ ಮಾತ್ರ ಎಂಜಲು ಹಚ್ಚಿ ಎಣಿಸಿಕೊಂಡ.

ಮುಂಬೈಯ ಸಯನ್ ಸರ್ಕಲ್. ಬೆಳಿಗ್ಗೆ ಒಂಬತ್ತೂವರೆ. ಢಂ!

ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯ ಅತ್ತಿಗೆ, ತೊಡೆಯ ಮೇಲೆ ಮಲ್ಲಿಗೆ ಪೊಟ್ಟಣ. ಮುಂದೆ ಭಾವ. ಮಾಟುಂಗಾದಲ್ಲಿ ಹತ್ತಕ್ಕೆ ಮುಹೂರ್ತ. ಟ್ಯಾಕ್ಸಿ ಹಿಡಿಯೋಣ ಅಂತ ಭಾವ ಚೆಂಬೂರಿನಲ್ಲೇ ಹೇಳಿದ್ದರು. ‘ಬೇಡ ಭಾವ, ಪದ್ಮಿನಿಗೆ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿಸಿದ್ದೇನೆ, ಈಗ ಬೆಣ್ಣೆ’ ಅಂತ ಕೊಚ್ಚಿಕೊಂಡವನು ನಾನೇ. ಪದ್ಮಿನಿ ಅಂದರೆ ಅಪ್ಪನ ಕಾಲದ ಈ ಹಳೆ ಕಾರು; ಡಿಸ್ಟ್ರಿಬ್ಯೂಟರ್ ಅಂದರೆ ಇಂಜಿನ್ನಿನ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಸಾಮಾನು.

ಎರಡನೇ ಢಂಗೆ ಇಂಜಿನ್ ನಿಂತೇ ಹೋಯಿತು. ಹಿಂದೆ ಬಸ್ಸಿನವನ ಹಾರ್ನ್ ನಿಲ್ಲುತ್ತಲೇ ಇಲ್ಲ. ಮತ್ಸ್ಯಗಂಧಾ ರೈಲಿನಲ್ಲಿ ರಾತ್ರಿಯಿಡೀ ಕೂತು ಉಡುಪಿಯಿಂದ ಬಂದ ಭಾವ ಜರಿ ಪಂಚೆ ಎತ್ತಿ ಕಟ್ಟಿ ಕಾರು ತಳ್ಳಲು ಇಳಿದರು. ಅದನ್ನು ಕನ್ನಡಿಯಲ್ಲಿ ನೋಡಿದೆನಲ್ಲ, ಅದು ಕಣ್ಣಿಂದ ಹೋಗುತ್ತಿಲ್ಲ.

ಆಗ ವಯಸ್ಸಾದ ಟ್ಯಾಕ್ಸಿಯವನೊಬ್ಬ ಬಂದ. ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರನ್ನು ಎರಡೇ ಬೆರಳಲ್ಲಿ ಹಿಡಿದು ತಿರುಗಿಸಿದ. ನಲ್ಲಿಯ ಹಾಗೆ ತಿರುಗಿತು! ಬುಡದ ಕ್ಲ್ಯಾಂಪಿನ ನಟ್ಟು ಸಡಿಲ. ಅದು ಅಲುಗಿದರೆ ಟೈಮಿಂಗ್ ಕೆಟ್ಟಿತು, ಕಿಡಿ ಹೊತ್ತಲ್ಲದ ಹೊತ್ತಿಗೆ ಹಾರುತ್ತದೆ. ‘ಸೆಲ್ಫ್ ಮಾರೋ’ ಅಂದ, ಸ್ಟಾರ್ಟ್ ಮಾಡಿದೆ. ಕಿವಿಗೊಟ್ಟು, ಕೂದಲೆಳೆಯಷ್ಟು ತಿರುಗಿಸುತ್ತಾ ಒಂದು ಕಡೆ ‘ಬಸ್’ ಅಂದ. ನಟ್ಟು ಬಿಗಿದ. ಆಮೇಲೆ ಕೇಳಿದ: ‘ಸೇಠ್, ಪಾಯಿಂಟ್‌ವಾಲಾ ಕಾಯ್ಕು ನಿಕಾಲಾ?’ ಪಾಯಿಂಟ್ ಇದ್ದ ಹಳೆಯದನ್ನು ಯಾಕೆ ತೆಗೆಸಿದೆ ಅಂತ.

ಏನು ಹೇಳಲಿ? ಭಾವ ನಕ್ಕರು. ಅತ್ತಿಗೆ ನಗಲಿಲ್ಲ, ಅದು ಇನ್ನೂ ಜಾಸ್ತಿ ಚುಚ್ಚಿತು.

ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಹಳೆ ಪಾಯಿಂಟಿಗೆ, ಅಂದರೆ ತೆರೆದು ಮುಚ್ಚಿ ಕಿಡಿ ಹಾರಿಸುವ ಆ ಪುಟ್ಟ ಲೋಹದ ಜೋಡಿಗೆ, ಬೇಕಿದ್ದದ್ದು ಸ್ವಲ್ಪ ಎಮರಿ ಪೇಪರ್, ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಗ್ಯಾಪ್, ಅಷ್ಟೇ. ಆದರೆ ಅದನ್ನು ಮತ್ತೆ ಮತ್ತೆ ಉಜ್ಜುತ್ತಾ ಕೂರುವವರು ಯಾರು? ಎಲೆಕ್ಟ್ರಾನಿಕ್ಕಿನಲ್ಲಿ ಸವೆಯುವ ಪಾಯಿಂಟೇ ಇಲ್ಲ. ಹಾಕಿಸಿದ್ದು ತಪ್ಪಲ್ಲ. ಅಲ್ಲವೇ ಅಲ್ಲ. ಹೋಗಲಿ ಬಿಡಿ.

ಹೇಗೆ ಬಿಡಲಿ? ಕುರ್ಲಾದಲ್ಲೇ ಹುಟ್ಟಿದ ಗಾಡಿ ಇದು, ಪ್ರೀಮಿಯರ್ ಫ್ಯಾಕ್ಟರಿ ಇದ್ದದ್ದು ಅಲ್ಲೇ. ಅದೇ ಕುರ್ಲಾದ ಗ್ಯಾರೇಜಿನಲ್ಲಿ ಈಗ ಅದರ ಟೈಮಿಂಗ್ ಕೂರಿಸಲು ಗತಿಯಿಲ್ಲ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ಹೋಯಿತು, ಬಲ್ಲವರೂ ಅದರ ಜೊತೆಗೇ ಹೋದರೋ ಏನೋ.

ನಾನೇನು ಕಮ್ಮಿಯೇ? ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-3-4-2 ಅಂತ ಮಗ್ಗಿಯ ಹಾಗೆ ಬಾಯಿಪಾಠ ಮಾಡಿ, ನಾಲ್ಕು ಪ್ಲಗ್ ವೈರಿಗೂ ಮಗಳ ಪುಸ್ತಕದ ಲೇಬಲ್ ಅಂಟಿಸಿ ನಂಬರ್ ಬರೆದುಕೊಟ್ಟಿದ್ದೆ. ಅದರಲ್ಲೊಂದಕ್ಕೆ ಮಿಕ್ಕಿಮೌಸ್ ಇದೆ. ಟ್ಯಾಕ್ಸಿಯವನು ಅದನ್ನೂ ನೋಡಿದ. ಇಷ್ಟೆಲ್ಲ ಮಾಡಿದ ಜಾಣ ನಟ್ಟು ಮುಟ್ಟಿ ನೋಡಲಿಲ್ಲ.

ಗ್ಯಾರೇಜಿಗೆ ಫೋನ್ ಮಾಡಿದರೆ ‘ಹೀಟ್ ಆಗಿರಬೇಕು ಸಾರ್’ ಅನ್ನುತ್ತಾನೆ. ಹಳೆಯದನ್ನಾದರೂ ವಾಪಸ್ ಕೊಡಪ್ಪ ಅಂದೆ. ಭಂಗಾರಿಗೆ, ಅಂದರೆ ಗುಜರಿಗೆ, ಹಾಕಿದನಂತೆ! ಅಪ್ಪ ಹತ್ತಿಪ್ಪತ್ತು ವರ್ಷ ಕೈಯಾರೆ ಒರೆಸಿ ಇಟ್ಟುಕೊಂಡಿದ್ದ ಸಾಮಾನು ಅದು. ಯಾರನ್ನು ಕೇಳಿ ಹಾಕಿದ? ಯಾರಾದರೂ ಉತ್ತರ ಕೊಡಿ.

ನಾಳೆ ಭಾವನನ್ನು ಕುರ್ಲಾ ಟರ್ಮಿನಸ್ಸಿಗೆ ಬಿಡಬೇಕು. ಆಗಲೇ ಟ್ಯಾಕ್ಸಿಗೆ ಹೇಳಿದ್ದಾರಂತೆ. ನನ್ನನ್ನು ಕೇಳಲೇ ಇಲ್ಲ.