ಎರಡಕ್ಕೆ ಒಂದು ಕೂಡಿಸಿದರೆ ಇಪ್ಪತ್ತೊಂದು

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ನಾನು ಕಂಪ್ಯೂಟರ್ ಬಲ್ಲವನೆಂದು ಹೆಸರಾದದ್ದು ಒಂದೇ ಕಾರಣಕ್ಕೆ. ಹಿಂದೊಮ್ಮೆ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಆಮಂತ್ರಣ ಪತ್ರಿಕೆಯನ್ನು ಹರಿಯದ ಹಾಗೆ ಎಳೆದು ತೆಗೆದಿದ್ದೆ. ಆ ಪುಣ್ಯದ ಫಲವಾಗಿ 2024ರ ರಾಜ್ಯೋತ್ಸವದ ವೆಬ್‌ಸೈಟ್ ನನ್ನ ಕೊರಳಿಗೆ ಬಿತ್ತು.

‘ಬರೇ ಫೋಟೋ ಹಾಕಿದರೆ ಸಾಲದು ಮಾರಾಯ್ರೇ, ಒತ್ತಿದರೆ ಎಂತಾದರೂ ಆಗಬೇಕು’ ಎಂದರು ಕಾರ್ಯದರ್ಶಿ ಶೆಟ್ಟರು.

ಒತ್ತಿದರೆ ಏನಾದರೂ ಆಗಬೇಕೆಂದರೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಬೇಕು. ಪುಟದ ಗೋಡೆ, ಬಾಗಿಲು ಎಚ್‌ಟಿಎಂಎಲ್. ಸುಣ್ಣ, ಬಣ್ಣ ಸಿಎಸ್‌ಎಸ್. ಬೆಲ್ ಒತ್ತಿದಾಗ ಎದ್ದು ಬಂದು ಬಾಗಿಲು ತೆಗೆಯುವ ಆಸಾಮಿ ಜಾವಾಸ್ಕ್ರಿಪ್ಟ್. ಹೆಸರಿನಲ್ಲಿ ಜಾವಾ ಇದ್ದರೂ ಜಾವಾ ಭಾಷೆಗೂ ಅದಕ್ಕೂ ಇರುವ ನಂಟು, ಮುಂಬಯಿಯ ಮೈಸೂರು ಮಸಾಲೆ ದೋಸೆಗೂ ಮೈಸೂರಿಗೂ ಇರುವಷ್ಟೇ. ಮೊದಲು ಅದನ್ನು ಮೋಕಾ ಎಂದು ಕರೆದರಂತೆ, ಆಮೇಲೆ ಲೈವ್‌ಸ್ಕ್ರಿಪ್ಟ್ ಎಂದರಂತೆ. ಜಾವಾಕ್ಕೆ ಆಗ ಮಾರುಕಟ್ಟೆಯಲ್ಲಿ ಭಾರೀ ಗಿರಾಕಿ ಇತ್ತಾದ್ದರಿಂದ ಕೊನೆಗೆ ಈ ಹೆಸರು. ಇದನ್ನೆಲ್ಲ ನಾನು ಕಲಿತದ್ದು ಲೋಕಲ್ ಟ್ರೇನಿನ ನಾಲ್ಕನೇ ಸೀಟಿನಲ್ಲಿ, ಅಂದರೆ ಅರ್ಧ ದೇಹ ಗಾಳಿಯಲ್ಲಿಟ್ಟುಕೊಂಡು. ನನ್ನ ವಿದ್ಯೆಯೂ ಅರ್ಧಕ್ಕೇ ನಿಂತದ್ದಕ್ಕೆ ಸೆಂಟ್ರಲ್ ಲೈನಿನ ಜನಸಂದಣಿಯನ್ನು ದೂರುವುದು ನನಗೆ ಅನುಕೂಲ.

ಮೊದಲು ಮಾಡಿದ್ದು ‘ಸಂಭ್ರಮಕ್ಕೆ ಇನ್ನೆಷ್ಟು ದಿನ’ ಎಂದು ತೋರಿಸುವ ಗಡಿಯಾರ. ಕಾರ್ಯಕ್ರಮ ನವೆಂಬರ್ 17, ಭಾನುವಾರ. 2024, 11, 17 ಎಂದು ಬರೆದು ಬಿಟ್ಟೆ. ಮರುದಿನ ಹಿರಿಯ ಸದಸ್ಯರೊಬ್ಬರ ಫೋನು: ‘ಏನಪ್ಪಾ, ರಾಜ್ಯೋತ್ಸವ ಡಿಸೆಂಬರಿಗೆ ಹೋಯಿತಂತೆ? ಹಾಲ್ ಸಿಗಲಿಲ್ಲವಾ?’ ಈ ಭಾಷೆಯಲ್ಲಿ ಜನವರಿ ಎಂದರೆ ಸೊನ್ನೆ. ಹಾಗಾಗಿ ಹನ್ನೊಂದು ಎಂದರೆ ಡಿಸೆಂಬರ್. ತಾರೀಕು ಮಾತ್ರ ಸಭ್ಯವಾಗಿ ಒಂದರಿಂದಲೇ ಶುರು. ಅದನ್ನೇ ಉದ್ಧರಣ ಚಿಹ್ನೆಯೊಳಗೆ ಅಡ್ಡಗೆರೆ ಹಾಕಿ 2024-11-17 ಎಂದು ಬರೆದರೆ ಆಗ ಅದು ನವೆಂಬರೇ! ಒಂದೇ ಮನೆಯಲ್ಲಿ ಚಾಂದ್ರಮಾನ ಯುಗಾದಿಯೂ ಸೌರಮಾನ ಯುಗಾದಿಯೂ ನಡೆಯುವುದನ್ನು ನೋಡಿದ್ದೆನಾದ್ದರಿಂದ ಹೆಚ್ಚು ವಾದಿಸದೆ ತಿದ್ದಿದೆ.

ಆಮೇಲೆ ಪುಷ್ಪವೃಷ್ಟಿ. ಗುಂಡಿ ಒತ್ತಿದರೆ ಭುವನೇಶ್ವರಿಯ ಚಿತ್ರದ ಮೇಲೆ ಸೆಕೆಂಡಿಗೊಂದು ಹೂವು ಬೀಳಬೇಕು. ಬಿತ್ತು. ಭಕ್ತಿ ಹೆಚ್ಚಾಗಿ ಇನ್ನೊಮ್ಮೆ ಒತ್ತಿದರೆ ಎರಡು, ಮತ್ತೊಮ್ಮೆ ಒತ್ತಿದರೆ ಮೂರು. ಪ್ರತಿ ಸಲವೂ ಹೊಸ ಟೈಮರ್ ಶುರುವಾಗುತ್ತಿತ್ತು, ಹಳೆಯದನ್ನು ನಿಲ್ಲಿಸು ಎಂದು ನಾನು ಹೇಳಿರಲಿಲ್ಲ. ಟ್ರೇನು ಥಾಣೆ ದಾಟುವಷ್ಟರಲ್ಲಿ ನನ್ನ ಅಂಗಿಯ ಜೇಬಿನಲ್ಲಿದ್ದ ಫೋನು ಆಗತಾನೆ ಎಣ್ಣೆಯಿಂದೆತ್ತಿದ ಬಟಾಟೆವಡೆಯಷ್ಟು ಬಿಸಿಯಾಗಿತ್ತು.

ಇವೆಲ್ಲ ಚಿಲ್ಲರೆ. ಮಾನ ಹೋದದ್ದು ಊಟದ ವಿಷಯದಲ್ಲಿ.

ಊಟ ಉಚಿತ, ಆದರೆ ಎಷ್ಟು ಜನ ಬರುತ್ತಾರೆಂದು ಮೊದಲೇ ತಿಳಿಸಬೇಕು. ಪುಟದಲ್ಲಿ ಎರಡು ಪೆಟ್ಟಿಗೆ: ‘ದೊಡ್ಡವರು’, ‘ಮಕ್ಕಳು’. ಎರಡನ್ನೂ ಕೂಡಿಸಿ ಒಂದು ಗೂಗಲ್ ಶೀಟಿಗೆ ಸೇರಿಸು ಎಂದು ಬರೆದೆ. ಪರೀಕ್ಷೆಯನ್ನೂ ಮಾಡಿದೆ, ಮಾಡದೆ ಬಿಡುವ ಜಾತಿಯಲ್ಲ ನಾನು. ಮಗಳು ಬೆಂಗಳೂರಿನಲ್ಲಿರುವುದರಿಂದ ದೊಡ್ಡವರು 2 ಎಂದು ತುಂಬಿ ಮಕ್ಕಳ ಪೆಟ್ಟಿಗೆಯನ್ನು ಖಾಲಿ ಬಿಟ್ಟೆ. ಒಟ್ಟು 2 ಎಂದು ಬಂತು. ಸರಿಯಾಗಿದೆಯಲ್ಲ!

ಎರಡು ವಾರದಲ್ಲಿ 41 ಮನೆಯವರು ಹೆಸರು ಕೊಟ್ಟರು. ಶೀಟಿನ ಕೊನೆಯಲ್ಲಿ ಒಟ್ಟು ಊಟ: 914.

ಶೆಟ್ಟರು ಕುಣಿಯುವುದೊಂದು ಬಾಕಿ. ‘ನೋಡಿ ಮಾರಾಯ್ರೇ, ವೆಬ್‌ಸೈಟಿನ ಶಕ್ತಿ! ಕಳೆದ ವರ್ಷ ನೂರೈವತ್ತು ದಾಟಲಿಲ್ಲ.’ ಮಾಟುಂಗದ ಅಡುಗೆ ಭಟ್ಟರಿಗೆ ಸುದ್ದಿ ಹೋಯಿತು. ಹೋಳಿಗೆಗೆಂದು ಎರಡು ಮೂಟೆ ಕಡಲೆಬೇಳೆ ಬಂದಿಳಿಯಿತು. ಶಾಲೆಯ ಹಾಲ್ ಸಾಲದೆಂದು ಅಂಗಳಕ್ಕೆ ಶಾಮಿಯಾನದ ಮಾತುಕತೆಯೂ ನಡೆಯಿತು. ಮನೆಗೆ ಸರಾಸರಿ ಇಪ್ಪತ್ತೆರಡು ಜನ ಎಂಬುದು ನಮ್ಮಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ವನ್ ಬಿಎಚ್‌ಕೆಯಲ್ಲಿ ಊರಿನ ನೆಂಟರನ್ನು ಮಲಗಿಸಿ ಅಭ್ಯಾಸವಿದ್ದವರು ನಾವು.

ಕಳ್ಳತನ ಹಿಡಿದವರು ನಮ್ಮ ಖಜಾಂಚಿ, ನಿವೃತ್ತ ಬ್ಯಾಂಕ್ ಅಧಿಕಾರಿ. ಶುಕ್ರವಾರ ರಾತ್ರಿ ಪಟ್ಟಿ ಹಿಡಿದು ಮನೆಗೇ ಬಂದರು. ‘ಅಲ್ರೀ, ಈ ಹುಡುಗ ಥಾಣೆಯಲ್ಲಿ ಪೀಜಿ ಇದ್ದಾನೆ. ಮೊನ್ನೆ ತಾನೇ ಹೆಣ್ಣು ಹುಡುಕಿ ಅಂದ. ಇವನ ಹೆಸರಿಗೆ ಹತ್ತು ಊಟ ಹೇಗೆ?’

ಹುಡುಗ ದೊಡ್ಡವರು 1, ಮಕ್ಕಳು 0 ಎಂದು ಪ್ರಾಮಾಣಿಕವಾಗಿ ತುಂಬಿದ್ದ. ಜಾವಾಸ್ಕ್ರಿಪ್ಟ್ ಒಂದರ ಪಕ್ಕಕ್ಕೆ ಸೊನ್ನೆಯನ್ನು ಅಂಟಿಸಿ ಹತ್ತು ಮಾಡಿತ್ತು. ಪೆಟ್ಟಿಗೆಯಲ್ಲಿ ತುಂಬಿದ್ದೆಲ್ಲ ಅದಕ್ಕೆ ಅಕ್ಷರವೇ. ಇದು ಸಂಖ್ಯೆ ಎಂದು ನಾವು ಬಾಯಿಬಿಟ್ಟು ಹೇಳುವ ತನಕ ಕೂಡಿಸುವ ಚಿಹ್ನೆ ಎಂದರೆ ಅದಕ್ಕೆ ಗೋಂದು. ಹಾಗಾಗಿ 2 ಮತ್ತು 1 ಸೇರಿ 21. ಖಾಲಿ ಬಿಟ್ಟರೆ ಅಂಟಿಸಲು ಏನೂ ಇಲ್ಲ, ಆದ್ದರಿಂದ ನನ್ನ ಪರೀಕ್ಷೆ ಪಾಸು. ತಮಾಷೆಯೆಂದರೆ ಕಳೆಯುವ ಚಿಹ್ನೆ ಹಾಕಿದರೆ ಅದೇ ಅಕ್ಷರಗಳಲ್ಲಿ ಎರಡರಿಂದ ಒಂದನ್ನು ಕಳೆದು ಒಂದು ಎಂದು ಸರಿಯಾಗಿ ಹೇಳುತ್ತದೆ.

‘ಕೂಡೋದು ಬರಲ್ಲ, ಕಳೆಯೋದು ಮಾತ್ರ ಚೆನ್ನಾಗಿ ಬರುತ್ತೆ. ನಿಮ್ಮ ಮೇಲೇ ಹೋಗಿದೆ’ ಎಂದಳು ನನ್ನವಳು, ಖಜಾಂಚಿಯವರ ಎದುರಿಗೇ, ಚಹಾ ಕೊಡುತ್ತ.

ಇದು ಸಂಖ್ಯೆ ಎಂದು ಹೇಳುವ ಒಂದೇ ಒಂದು ಪದ ಸೇರಿಸಿ, ಲೆಕ್ಕ ಮತ್ತೆ ಹಾಕಿದಾಗ ಬಂದದ್ದು 122.

ಶೆಟ್ಟರಿಗೆ ಫೋನ್ ಮಾಡುವ ಧೈರ್ಯ ಬರಲು ಅರ್ಧ ಗಂಟೆ ಬೇಕಾಯಿತು. ತಪ್ಪನ್ನು ಸ್ವಲ್ಪ ಅಮೆರಿಕದ ಕಡೆಗೂ ತಳ್ಳೋಣವೆಂದು, 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಎಂಬವರು ಇದರ ಮೊದಲ ರೂಪವನ್ನು ಬರೇ ಹತ್ತು ದಿನದಲ್ಲಿ ಬರೆದರೆಂಬ ಕಥೆ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ‘ಅವರು ಹತ್ತು ದಿನದಲ್ಲಿ ಭಾಷೆಯನ್ನೇ ಮಾಡಿದರಾ? ನೀವು ಮೂರು ತಿಂಗಳಲ್ಲಿ ಎರಡು ಪೆಟ್ಟಿಗೆ ಮಾಡಿದ್ದಲ್ಲವಾ?’

ಶಾಮಿಯಾನ ತಪ್ಪಿತು, ಕಡಲೆಬೇಳೆ ತಪ್ಪಲಿಲ್ಲ. ಸಮಾರಂಭ ಮುಗಿಸಿ ಹೊರಟ ಪ್ರತಿ ಮನೆಗೂ ತಾಂಬೂಲದ ಜೊತೆ ಒಂದು ಕಿಲೋ ಬೇಳೆ. ಉಳಿದದ್ದು ನಮ್ಮ ಮನೆಗೆ. ಸಂಕ್ರಾಂತಿಯ ತನಕ ಆಂಬೊಡೆ, ಹಯಗ್ರೀವ, ಕೋಸಂಬರಿ, ಮತ್ತೆ ಆಂಬೊಡೆ.

ಮುಂದಿನ ವರ್ಷ ವೆಬ್‌ಸೈಟಿನ ಸಹವಾಸವೇ ಬೇಡವೆಂದು ಸಂಘ ಠರಾವು ಪಾಸು ಮಾಡಿ ಉದ್ದನೆಯ ರಿಜಿಸ್ಟರ್ ಪುಸ್ತಕ ತಂದಿತು. ಖಜಾಂಚಿಯವರೇ ಸ್ಕೇಲಿಟ್ಟು ಗೆರೆ ಎಳೆದರು: ದೊಡ್ಡವರು, ಮಕ್ಕಳು. ಗೆರೆ ಪೆನ್ಸಿಲಿನದು, ತೀರಾ ತೆಳು. ಒಂದು ವಾರ ಕಳೆದ ಮೇಲೆ ಶೆಟ್ಟರ ಫೋನು ಬಂತು, ದನಿಯಲ್ಲಿ ಹಳೆಯ ಸಂಭ್ರಮ: ‘ಮಾರಾಯ್ರೇ, ಈ ಸಲ ನಿಮ್ಮ ಮನೆಯಿಂದ ಇಪ್ಪತ್ತು ಜನ ಬರ್ತೀರಂತೆ?’