ನಮ್ಮ ಸಾವ್ಕಾರರು ಪಬ್ಲಿಕ್ ಆಗ್ತಾರಂತೆ

ಬೆಳಗಾವಿ ಉದ್ಯಮಬಾಗದ ನಮ್ಮ ಸಾವ್ಕಾರರ ಫೌಂಡ್ರಿಗೆ ಮೊನ್ನೆ ಪೇಂಟರ್ ಬಂದಿದ್ದ. ಗೇಟಿನ ಬೋರ್ಡಿನಲ್ಲಿದ್ದ 'ಪ್ರೈವೇಟ್ ಲಿಮಿಟೆಡ್'ನಲ್ಲಿ 'ಪ್ರೈವೇಟ್' ಅನ್ನೋದನ್ನ ಮಾತ್ರ ಅಳಿಸಿ ಹೋದ. ಕೂಲಿ 800 ರೂಪಾಯಿ. ಪಬ್ಲಿಕ್ ಆಗೋದು ಅಂದರೆ ಕಂಪನಿಯ ಷೇರು ಜನರಿಗೆ ಮಾರೋದು. ಅದರ ಖರ್ಚಿನಲ್ಲಿ ಅಗ್ಗಕ್ಕೆ ಮುಗಿದ ಕೆಲಸ ಇದೊಂದೇ.

ನಾನು ಅಲ್ಲಿ ಲೆಕ್ಕ ಬರೆಯುವವನು. ಪಂಪಿನ ಬಾಡಿ, ವಾಲ್ವು, ಟ್ರ್ಯಾಕ್ಟರಿನ ಭಾಗ ಎರಕ ಹೊಯ್ಯುವ ಫೌಂಡ್ರಿ ನಮ್ಮದು. ಹೋದ ವರ್ಷ ಹೊಸ ಫರ್ನೇಸಿಗೆ 40 ಲಕ್ಷ ಸಾಲ ಕೇಳೋಕೆ ಒಂದು ಬ್ಯಾಂಕಿಗೆ ಹೋಗಿದ್ದೆವು. ಮನೆ ಉತಾರ, ಅಂದರೆ ಆಸ್ತಿ ಪತ್ರ, ಕೇಳಿದರು. ಹೊಲದ ಉತಾರ ಕೇಳಿದರು. ಸಾವ್ಕಾರರ ಮಾವನ ಜಾಮೀನು ಕೇಳಿದರು. ಮಾವ ತೀರಿಕೊಂಡು ಆರು ವರ್ಷ ಆಯ್ತು ಅಂದಾಗ ಮರಣ ಪ್ರಮಾಣಪತ್ರ ಕೇಳಿದರು.

ಆಮೇಲೆ ಬಂದವನೇ ಮುಂಬೈಯ ಮರ್ಚಂಟ್ ಬ್ಯಾಂಕರ್, ಕಂಪನಿಗಳ ಷೇರನ್ನ ಪೇಟೆಗೆ ತರೋನು. ಉತಾರದ ಸುದ್ದಿಯೇ ಎತ್ತಲಿಲ್ಲ. 40 ಲಕ್ಷ ಏನಕ್ಕೆ, 18 ಕೋಟಿ ಎತ್ತೋಣ ಅಂದ. ಒತ್ತೆ ಏನು ಇಡಬೇಕು ಅಂತ ಸಾವ್ಕಾರರು ಕೇಳಿದರು. ಏನೂ ಇಲ್ಲ. ಬಡ್ಡಿ? ಇಲ್ಲ. ತಿರುಗಿ ಯಾವಾಗ ಕೊಡಬೇಕು? ಕೊಡೋದೇ ಬೇಡ. ಸಾವ್ಕಾರರು ಚಹಾದ ಕಪ್ಪು ಕೆಳಗಿಟ್ಟು ನನ್ನ ಮುಖ ನೋಡಿದರು. ಮೂವತ್ತು ವರ್ಷದಿಂದ ತಪ್ಪು ಬಾಗಿಲು ಬಡಿದೆವಲ್ಲೋ ಅನ್ನೋ ನೋಟ ಅದು.

ಈ ಬಾಗಿಲು 2012ರಿಂದ ತೆರೆದೇ ಇದೆ. ಸಣ್ಣ ಕಂಪನಿಗಳಿಗೆ ಅಂತಲೇ ಮುಂಬೈಯ ಷೇರುಪೇಟೆಗಳಾದ ಬಿಎಸ್‌ಇ, ಎನ್‌ಎಸ್‌ಇ ಎರಡೂ ಬೇರೆ ಕಟ್ಟೆ ಹಾಕಿ ಕೊಟ್ಟವು. ವಿಚಾರ ಒಳ್ಳೆಯದೇ, ಅದಕ್ಕೆ ನಾನು ನಗುತ್ತಿಲ್ಲ. ಇಶ್ಯೂ, ಅಂದರೆ ಷೇರು ಮಾರಾಟ, ಆದ ಮೇಲೆ ಷೇರು ಬಂಡವಾಳ 25 ಕೋಟಿ ದಾಟಬಾರದು. ಹಿಂದಿನ ಮೂರು ವರ್ಷದಲ್ಲಿ ಎರಡು ವರ್ಷವಾದರೂ ವ್ಯವಹಾರದಿಂದ ಒಂದು ಕೋಟಿ ಲಾಭ ಇರಬೇಕು. ಕಂಪನಿಯ ವಿವರ ಬರೆದ ಕರಡು ದಾಖಲೆ 21 ದಿನ ಜನರ ಮುಂದೆ ಇರಬೇಕು. ಅದನ್ನ ಪರಿಶೀಲಿಸೋದು ಷೇರುಪೇಟೆಯವರು, ಅವರ ಮೇಲೆ ಕಾವಲಿರೋ ಸೆಬಿ ಅಲ್ಲ. ಆದರೆ ಚಹಾ ಅಂಗಡಿಯಲ್ಲಿ ಕೇಳಿ ನೋಡಿ, "ಸೆಬಿ ನೋಡಿ ಬಿಟ್ಟೈತ್ರಿ" ಅನ್ನೋರೇ ಜಾಸ್ತಿ.

ಮೊದಲ ಸಭೆಯಲ್ಲೇ ಬ್ಯಾಂಕರ್ 'ಫೌಂಡ್ರಿ' ಅನ್ನೋ ಮಾತಿಗೆ ಕತ್ತರಿ ಹಾಕಿದ. ಇನ್ನು ಮುಂದೆ ನಾವು 'ಪ್ರಿಸಿಶನ್ ಎಂಜಿನಿಯರಿಂಗ್ ಸೊಲ್ಯೂಶನ್ಸ್'. ಮೋಲ್ಡಿಂಗ್ ಮರಳು ಜರಡಿ ಹಿಡಿಯುವ ಹುಡುಗನಿಗೆ ಇದನ್ನ ಹೇಳಿದೆ. ಪಗಾರ ಹೆಚ್ಚಾಗ್ತದೇನ್ರಿ ಅಂದ. ಲಿಸ್ಟಿಂಗ್, ಅಂದರೆ ಷೇರುಪೇಟೆಯ ಪಟ್ಟಿಗೆ ಸೇರೋದು, ಅಂದಮೇಲೆ ಬೋರ್ಡಿನಲ್ಲಿ ಒಬ್ಬ ಮಹಿಳೆ ಇರಲೇಬೇಕು. ಹಾಗಾಗಿ ಸಾವ್ಕಾರತಿ ನಿರ್ದೇಶಕಿ ಆದರು. ಸ್ವತಂತ್ರ ನಿರ್ದೇಶಕರೂ ಬೇಕು. ಸಾವ್ಕಾರರ ಜೊತೆ ಇಪ್ಪತ್ತು ವರ್ಷದಿಂದ ಇಸ್ಪೀಟು ಆಡುವವರೊಬ್ಬರು ಸಿಕ್ಕರು. ರಕ್ತಸಂಬಂಧ ಇಲ್ಲ, ಆಟದಲ್ಲಿ ಸಾವ್ಕಾರರ ಮಾತು ಕೇಳಿದವರೂ ಅಲ್ಲ. ಇನ್ನೆಷ್ಟು ಸ್ವತಂತ್ರ ಬೇಕು?

ಕರಡು 340 ಪುಟ ಆಯ್ತು. ಅದರಲ್ಲಿ ನನಗೆ ಬಹಳ ಸೇರಿದ್ದು 'ಅಪಾಯದ ಅಂಶಗಳು' ಅನ್ನೋ ಭಾಗ. ಅಲ್ಲಿ ಕಂಪನಿ ತನ್ನ ಹುಳುಕನ್ನ ತಾನೇ ಬರೆದುಕೊಳ್ಳಬೇಕು. ನಮ್ಮ ಶೆಡ್ಡು ಬಾಡಿಗೆಯದು. ಅರ್ಧಕ್ಕಿಂತ ಜಾಸ್ತಿ ಮಾಲು ಇಬ್ಬರೇ ಗಿರಾಕಿಗಳಿಗೆ ಹೋಗುತ್ತದೆ. ಪಿಎಫ್ ತುಂಬೋದು ಕೆಲವು ಸಲ ತಡವಾಗಿದೆ. ಎಲ್ಲ ನಿಜ, ನಾನೇ ಬರೆದದ್ದು. ಹೆಣ್ಣು ನೋಡೋಕೆ ಹೋದವರು "ಹುಡುಗ ಕುಡಿತಾನ್ರಿ, ಸಾಲ ಐತಿ, ಮನಿ ಬಾಡಿಗಿದು" ಅಂತ ಅಚ್ಚು ಹಾಕಿಸಿ ಹಂಚಿದ್ದನ್ನ ಎಲ್ಲಾದರೂ ಕಂಡಿದ್ದೀರಾ? ಇಲ್ಲಿ ಹಂಚುತ್ತಾರೆ. ಆದರೂ ನಾನೂರು ಮನೆಯವರು ಅಕ್ಕಿಕಾಳು ಹಿಡಿದುಕೊಂಡು ಸಾಲು ನಿಲ್ಲುತ್ತಾರೆ.

ನಾನೂರು ಅನ್ನೋದು ಸುಮ್ನೆ ಹೇಳಿದ್ದಲ್ಲ. 2024ರ ಆಗಸ್ಟಿನಲ್ಲಿ ದೆಹಲಿಯ ಒಂದು ಬೈಕ್ ಡೀಲರ್ ಕಂಪನಿ ಜನರ ಹತ್ತಿರ ಬಂತು. ಎರಡು ಶೋರೂಂ, ಎಂಟು ಮಂದಿ ನೌಕರರು. ಕೇಳಿದ್ದು 12 ಕೋಟಿ. ಬಂದ ಅರ್ಜಿ 4,800 ಕೋಟಿಯ ಹತ್ತಿರ. ಅದೇ ತಿಂಗಳು ಸೆಬಿ, ಸಣ್ಣ ಕಂಪನಿಗಳ ಷೇರಿನಲ್ಲಿ ಹುಷಾರಾಗಿರಿ ಅಂತ ಎಚ್ಚರಿಕೆ ಕೊಟ್ಟಿತು. ಮೊದಲ ದಿನ ಷೇರು, ಇಶ್ಯೂ ಬೆಲೆಯ ಮೇಲೆ ಶೇಕಡಾ 90ಕ್ಕಿಂತ ಜಾಸ್ತಿ ಏರಿ ತೆರೆಯಬಾರದು ಅಂತ ಎನ್‌ಎಸ್‌ಇ ಅದಕ್ಕೂ ಮುಂಚೆ, ಜುಲೈನಲ್ಲೇ, ಕಟ್ಟು ಹಾಕಿತ್ತು. ಜನ ಅದನ್ನ ಮಿತಿ ಅಂತ ಓದಲಿಲ್ಲ, ಗ್ಯಾರಂಟಿ ಅಂತ ಓದಿದರು.

ಆಮೇಲೆ ಸಣ್ಣವರನ್ನ ಉಳಿಸೋಕೆ ಇನ್ನೊಂದು ಉಪಾಯ ಬಂತು. ಒಂದು ಲಕ್ಷಕ್ಕೆ ಮುಗಿಯುತ್ತಿದ್ದ ಕನಿಷ್ಠ ಅರ್ಜಿ ಎರಡು ಲಕ್ಷದ ಮೇಲಾಯ್ತು. ಇಷ್ಟು ದುಡ್ಡು ಇಲ್ಲದವರು ಈ ಕಡೆ ಬರಲಿಕ್ಕಿಲ್ಲ ಅನ್ನೋ ಲೆಕ್ಕ. ಬೆಳಗಾವಿಯವರು ಭಿಶಿ, ಅಂದರೆ ಚೀಟಿ, ಹಾಕಿ ಬೆಳೆದ ಮಂದಿ ಅಂತ ಅವರಿಗೆ ಯಾರು ಹೇಳಬೇಕು? ನಾವು ಐದು ಮಂದಿ ಕೂಡಿದೆವು. ಎರಡೂವರೆ ಲಕ್ಷ ಆಯ್ತು. ಗುಜರಾತಿನ ಒಂದು ಕಂಪನಿಗೆ ಹಾಕೋದು ಅಂತಾಯ್ತು. ಪೈಪ್ ಮಾಡ್ತಾರೋ ಪಾಪಡ್ ಮಾಡ್ತಾರೋ ಅನ್ನೋದರಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯ ಇತ್ತು. ನನ್ನ ಹೆಸರಿಗೆ ಈವರೆಗೆ ಒಂದು ಷೇರೂ ಹತ್ತಿಲ್ಲ, ಅದಕ್ಕೆ ಷೇರು ಇಡೋಕೆ ಇರೋ ಅವ್ವನ ಡಿಮ್ಯಾಟ್ ಖಾತೆ ಹಿಡಿದೆವು.

ಕೊನೆಯ ದಿನ, ನಾಲ್ಕೂಮುಕ್ಕಾಲು. ಐದು ಗಂಟೆಯೊಳಗೆ ಯುಪಿಐ ಮ್ಯಾಂಡೇಟ್, ಅಂದರೆ ಅರ್ಜಿಯ ದುಡ್ಡು ಖಾತೆಯಲ್ಲೇ ತಡೆಹಿಡಿಯೋ ಕೋರಿಕೆ, ಒಪ್ಪಬೇಕು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈತುಂಬ ಜೋಳದ ಹಿಟ್ಟು. ಫೋನು ಮುಂದೆ ಹಿಡಿದು, ಪಿನ್ ಒತ್ತು ಅಂದೆ.

"ಒತ್ತಿದ್ರ ನನಗೇನು?"

"ಹತ್ತಿದ್ರ ಕೊಡ್ತೀನಿ ಬೇ."

"ಹತ್ತಲಿ ಬಿಡಲಿ. ಅರ್ಜಿಗೆ ಎರಡು ಸಾವಿರ."

ಷೇರುಪೇಟೆಯ ಹೊರಗೆ ಬಾಯಿಮಾತಲ್ಲೇ ನಡೆಯೋ ಗ್ರೇ ಮಾರ್ಕೆಟಿನಲ್ಲಿ ಇದಕ್ಕೆ ಕೊಸ್ಟಕ್ ಅಂತಾರೆ. ಷೇರು ಸಿಗಲಿ ಸಿಗದಿರಲಿ, ಅರ್ಜಿಗೆ ಇಷ್ಟು ಅಂತ ಮೊದಲೇ ಕುದುರಿಸೋ ದರ. ಅವ್ವನಿಗೆ ಯಾರು ಹೇಳಿಕೊಟ್ಟರೋ. ಗಡಿಯಾರದಲ್ಲಿ ಐದಕ್ಕೆ ಆರು ನಿಮಿಷ ಇತ್ತು. ಹೂಂ ಅಂದೆ. ಹಿಟ್ಟಿನ ಬೆರಳಲ್ಲೇ ಒತ್ತಿದಳು.

ಹತ್ತಲಿಲ್ಲ. ಎರಡು ದಿನ ಬಿಟ್ಟು, ತಡೆಹಿಡಿದ ದುಡ್ಡು ಬಿಟ್ಟಿದೆ ಅಂತ ಮೆಸೇಜ್ ಬಂತು, ಅವ್ವನ ಫೋನಿಗೆ. ನನ್ನ ಖಾತೆಗೆ ಕಳಿಸು ಅಂತ ನಾಲ್ಕು ದಿನದಿಂದ ಹಿಂದೆ ಬಿದ್ದಿದ್ದೇನೆ. ಮೊದಲು ಎರಡು ಸಾವಿರ ನಗದು ಇಡು ಅಂತಾಳೆ. ಭಾನುವಾರ ಭಿಶಿಯ ನಾಲ್ಕು ಮಂದಿ ಮನೆಗೆ ಬರೋರಿದ್ದಾರೆ. ಸಾವ್ಕಾರರ ಹತ್ತಿರ ಎರಡು ಸಾವಿರ ಕೈಗಡ ಕೇಳಿದೆ. ಏನಾದರೂ ಒತ್ತೆ ಇಡ್ತೀಯೇನು ಅಂದರು.